ಗಾಂಧಿ ಬಜಾರಿನಿಂದ ಅಂಧರ ಶಾಲೆಯವರೆಗೆ

ಪರಸ್ಥಳದಿಂದ ಶಿವಮೊಗ್ಗೆಗೆ ಬರುವವರಲ್ಲಿ ಕೆಲವರು ಜೋಗಕ್ಕೂ ಆಗುಂಬೆಗೂ ಹೋಗುವ ಆತುರದಲ್ಲಿರುವರು. ಕೆಲವರು ತುಂಗೆಯೂ ಭದ್ರೆಯೂ ಸೇರುವ ಕೂಡಲಿಗೆ ಹೋಗಿ ಮಿಂದು, ಅಂದಿನ ರೈಲಿಗೇ ಹಿಂದಿರುಗುವರು. ಗಾಂಧಿ ಬಜಾರನ್ನು ನೋಡುವುದಕ್ಕೆಂದೇ ಬಂದ ಯಾತ್ರಿಕರನ್ನು ನಾವು ಇದುವರೆಗೆ ಕಂಡಿಲ್ಲ. ಅಲ್ಲಿ ನೋಡತಕ್ಕದ್ದೇನಿದೆಯೆಂದು ಯಾರಾದರೂ ಕೇಳಿದರೆ ನಾವೂ ಥಟ್ಟನೆ ಉತ್ತರ ಹೇಳಲಾರೆವು. ಕೆಳದಿಯ ಶಿವಪ್ಪನಾಯಕನ ಪ್ರತಿಮೆಯಿರುವ ವೃತ್ತದ ಬಳಿಯಿಂದ ಮೊದಲಾಗಿ ಹಳೆಯ ಊರಿನೊಳಕ್ಕೆ ಸಾಗುವ ಇಕ್ಕಟ್ಟಾದ ಬೀದಿ. ಇಕ್ಕೆಲಗಳಲ್ಲಿ ಜವಳಿ, ಚಿನ್ನಬೆಳ್ಳಿ, ದಿನಸಿ, ಪಾತ್ರೆಪರಟಿ, ಗ್ರಂಧಿಗೆ ಸಾಮಾನುಗಳ ಅಂಗಡಿಗಳು. ನಡುವೆ ಹೂವು ಮಾರುವವರು. ಮಧ್ಯಾಹ್ನವೊಂದನ್ನು ಬಿಟ್ಟರೆ ಯಾವಾಗಲೂ ಜನಜಂಗುಳಿ. ಇಷ್ಟೇ. ಆದರೆ ನಮ್ಮಂಥ ಸ್ಥಳಿಕರು ಹುಟ್ಟಿದ ಕೂಸಿನ ಕುಲಾವಿಯಿಂದ ಹಿಡಿದು ವೈಕುಂಠ ಸಮಾರಾಧನೆಯ ಸಾಮಗ್ರಿಯವರೆಗೆ ಸಮಸ್ತವನ್ನೂ ಕೊಂಡುತಂದುದು ಈ ಬೀದಿಯಿಂದಲೇ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬೆಯ ಜಾತ್ರೆಯಲ್ಲಿ ದೇವಿಯು ಮೊದಲು ಗಾಂಧಿ ಬಜಾರಿನ ತವರುಮನೆಯಲ್ಲಿ ಬಿಜಯಮಾಡಿ, ಮಡಿಲು ತುಂಬಿಸಿಕೊಂಡು, ತರುವಾಯ ಕೋಟೆಯ ಗುಡಿಗೆ ತೆರಳುವಳು. ದೇವಿಗೆ ತವರಾದ ಬೀದಿ ನಮಗೂ ತವರೇ ಸರಿ.

ನಮ್ಮ ತಾಯಿಯವರಿಗೆ ಈ ಬೀದಿ ಎರಡು ಬಗೆಯಲ್ಲಿ ಪರಿಚಿತವಾಗಿತ್ತು. ಎಂಬತ್ತು ವರ್ಷದವರೆಗೆ ಕಣ್ಣಿನಿಂದ. ಆಮೇಲಿನ ಆರು ವರ್ಷ ಕಿವಿ, ಮೂಗು, ಬೆರಳುಗಳಿಂದ. ಗ್ಲಾಕೋಮವೆಂಬ ನೇತ್ರರೋಗವು ನೋವೊಂದನ್ನೂ ಕೊಡದೆ, ಸದ್ದಿಲ್ಲದೆ, ಅವರ ದೃಷ್ಟಿಯನ್ನು ಅಂಚಿನಿಂದ ಒಳಕ್ಕೆ ಕತ್ತರಿಸುತ್ತ ಬಂದಿತ್ತು. ನಮಗೆ ತಿಳಿಯುವ ಹೊತ್ತಿಗೆ ಹೋದ ದೃಷ್ಟಿಯನ್ನು ಮರಳಿಸುವ ಉಪಾಯವಿರಲಿಲ್ಲ. ಆದರೂ ವಾರಕ್ಕೊಮ್ಮೆ ಬಜಾರಿಗೆ ಬರುವ ಪರಿಪಾಠವನ್ನು ಅವರು ಬಿಡಲಿಲ್ಲ. ನಮ್ಮ ತೋಳು ಹಿಡಿದು ನಡೆಯುತ್ತ, ಹುರಿದ ಕಾಫಿಬೀಜದ ವಾಸನೆ ಬಂದೊಡನೆ ಒಂದು ತಿರುವನ್ನೂ, ಕಂಚುಗಾರರ ಅಂಗಡಿಯ ಸದ್ದು ಕೇಳಿದೊಡನೆ ಇನ್ನೊಂದನ್ನೂ ಗುರುತಿಸುವರು. ಸೀರೆಯ ಸೆರಗನ್ನು ಎರಡು ಬೆರಳ ನಡುವೆ ಉಜ್ಜಿ, "ಇದಕ್ಕೆ ಗಂಜಿ ಹೆಚ್ಚು, ಒಂದು ಒಗೆತಕ್ಕೆ ಸಾಯುತ್ತೆ" ಎಂದು ಅಂಗಡಿಯವನ ಮುಖದ ಮೇಲೆಯೇ ಹೇಳುವರು. ಆತನು ಮರುಮಾತಾಡದೆ ಬೇರೆ ಸೀರೆ ತೆಗೆಯುವನು.

ಆ ತಾಯಿಯವರ ವರ್ಷಾಬ್ದಿಕವು ಸಮೀಪಿಸಿದಾಗ ಮನೆಯಲ್ಲಿ ಒಂದು ಆಲೋಚನೆ ಹುಟ್ಟಿತು. ವೈದಿಕವು ಯಥಾವಿಧಿಯಾಗಿ ನಡೆಯಲಿ. ಅದರ ಮಾರನೆಯ ವಾರ ನಾವೆಲ್ಲರೂ ಸೇರಿ ದೃಷ್ಟಿಯಿಲ್ಲದ ಮಕ್ಕಳಿರುವಲ್ಲಿಗೆ ಹೋಗಿ ಕೈಲಾದುದನ್ನು ಕೊಟ್ಟುಬರೋಣ ಎಂದು ನಮ್ಮ ಮನೆಯವರು ಹೇಳಿದರು. ನಮ್ಮ ಊರಿನಲ್ಲಿ ಶ್ರೀ ಶಾರದಾದೇವಿ ಅಂಧರ ವಿಕಾಸ ಕೇಂದ್ರವೆಂಬ ವಸತಿ ಶಾಲೆಯಿದೆ. ಅದರ ಹೆಸರನ್ನು ನಾವು ಬಹು ಕಾಲದಿಂದ ಬಲ್ಲೆವು. ಹೆಸರು ಬಲ್ಲೆವೆಂದೆವೇ ಹೊರತು ಹೊಸ್ತಿಲು ದಾಟಿರಲಿಲ್ಲ. ಮೂವತ್ತೈದು ವರ್ಷ ಮೇಷ್ಟರಾಗಿದ್ದವರು ಊರೊಳಗಿನ ಒಂದು ಶಾಲೆಗೆ ಒಮ್ಮೆಯೂ ಹೋಗದಿರುವುದಕ್ಕೆ ಕಾರಣವಿರಬೇಕಷ್ಟೆ? ಕಾರಣವಿತ್ತು. ಅದನ್ನು ಮುಂದೆ ಹೇಳುವೆವು.

ಏನನ್ನು ಕೊಡಬೇಕೆಂಬ ವಿಷಯದಲ್ಲಿ ಮನೆಯಲ್ಲಿ ಅಭಿಪ್ರಾಯಭೇದವಾಯಿತು. ಹೊದಿಕೆಗಳಾಗಲಿ ಎಂದು ಮಗ. ಹೋಳಿಗೆಯ ಊಟವಾಗಲಿ ಎಂದು ನಮ್ಮ ಮನೆಯವರು. ಬಣ್ಣದ ಪೆನ್ಸಿಲುಗಳಾಗಲಿ ಎಂದು ಎಂಟು ವರ್ಷದ ಮೊಮ್ಮಗಳು. ಸೊಸೆಯು ಎಲ್ಲರ ಮಾತನ್ನೂ ಕೇಳಿ, "ಅವರನ್ನೇ ಕೇಳಿದರಾಗದೆ, ಮಾವ?" ಎಂದು ಟೆಲಿಫೋನು ಮಾಡಿದಳು. ಇಷ್ಟು ಸುಲಭವಾದ ಸಂಗತಿ ನಮಗಾರಿಗೂ ಹೊಳೆದಿರಲಿಲ್ಲ. ಬಂದ ಉತ್ತರ ನಮ್ಮ ಎಲ್ಲ ಆಲೋಚನೆಗಳನ್ನೂ ತಲೆಕೆಳಗು ಮಾಡಿತು: ಹಬ್ಬಹುಣ್ಣಿಮೆಗಳಲ್ಲಿ ಸಿಹಿ ತಿಂಡಿ ತರುವವರು ಉಂಟು, ತಮಗೆ ಸದಾ ಸಾಲದೆ ಬರುವುದು ಬರೆಯುವ ದಪ್ಪ ಕಾಗದ.

ಬ್ರೈಲ್ ಲಿಪಿಗೆ ಸಾಮಾನ್ಯ ನೋಟುಬುಕ್ಕಿನ ಹಾಳೆ ಒದಗದು. ಅದರಲ್ಲಿ ಚುಕ್ಕೆಯನ್ನು ಒತ್ತಿದರೆ ಕಾಗದವೇ ಹರಿಯುವುದು. ಹರಿಯದಿದ್ದರೂ ನಾಲ್ಕು ಬಾರಿ ಬೆರಳಾಡಿಸುವಷ್ಟರಲ್ಲಿ ಉಬ್ಬು ಚಪ್ಪಟೆಯಾಗುವುದು. ಎರಡರಷ್ಟೋ ಅದಕ್ಕೂ ಮಿಗಿಲೋ ತೂಕವುಳ್ಳ ಗಟ್ಟಿ ಕಾಗದ ಬೇಕು. ಹೀಗಾಗಿ ಒಂದು ಶನಿವಾರ ಬೆಳಿಗ್ಗೆ ನಾವೆಲ್ಲರೂ ಕಾಗದವನ್ನು ಅರಸಿಕೊಂಡು ಗಾಂಧಿ ಬಜಾರಿನಲ್ಲಿ ನಡೆದೆವು. ನಮಗೆ ಹಳೆಯ ಪರಿಚಯದ ಅಂಗಡಿಯೊಂದರಲ್ಲಿ, ಅಭ್ಯಾಸಬಲದಿಂದ, "ಭದ್ರಾವತಿಯ ಕಾಗದ ಇದೆಯೇ?" ಎಂದು ಕೇಳಿದೆವು. ವರ್ತಕನು ನಕ್ಕು, "ಇನ್ನೆಲ್ಲಿಯ ಭದ್ರಾವತಿ ಕಾಗದ, ಮೇಷ್ಟ್ರೇ! ಆ ಮಿಲ್ಲು ನಿಂತು ವರ್ಷಗಳೇ ಆದುವಲ್ಲ" ಎಂದನು.

ಅಹುದು, ನಿಂತು ವರ್ಷಗಳಾದುವು. ವಾಚಕರಲ್ಲಿ ಹಿರಿಯರಿಗೆ ನೆನಪಿರಬಹುದು: ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1936ರಲ್ಲಿ, ಭದ್ರಾ ನದಿಯ ದಡದಲ್ಲಿ ಮೈಸೂರು ಕಾಗದದ ಕಾರ್ಖಾನೆ ಸ್ಥಾಪಿತವಾಯಿತು. ಅದಕ್ಕೂ ಮೊದಲೇ, 1923ರಲ್ಲಿ, ಅಲ್ಲಿಯ ಉಕ್ಕುಕಬ್ಬಿಣದ ಕಾರ್ಖಾನೆಯಲ್ಲಿ ಕೆಮ್ಮಣ್ಣುಗುಂಡಿಯ ಅದಿರನ್ನು ಮರದ ಇದ್ದಿಲಿನಿಂದ ಕರಗಿಸಲು ತೊಡಗಿದ್ದರು. ಬೆಂಕಿಪುರವೆಂಬ ಹಳೆಯ ಹೆಸರಿನ ಪುಟ್ಟ ಊರು ಹೀಗೆ ಕಬ್ಬಿಣ, ಕಾಗದಗಳೆರಡರಿಂದ ಪಟ್ಟಣವಾಯಿತು. ನಮ್ಮ ಬಾಲ್ಯದ ಪಠ್ಯಪುಸ್ತಕಗಳೂ ಕಾಪಿ ಪುಸ್ತಕಗಳೂ ಆ ಕಾಗದದವು. ಶಿವಮೊಗ್ಗೆಯಿಂದ ಸುಮಾರು 20 ಕಿಲೋಮೀಟರು ದೂರದ ಆ ಊರಿನಲ್ಲಿಯೇ ನಮ್ಮ ಮೇಷ್ಟರಿಕೆಯ ಮೊದಲ ವರ್ಷಗಳೂ ಕಳೆದುವು. ವರ್ತಕನು ಬೇರೆ ಕಾಗದದ ಕಟ್ಟುಗಳನ್ನು ಇಳಿಸುತ್ತಿರುವಾಗ ನಮ್ಮ ಮನಸ್ಸು ಅಲ್ಲಿಗೆ ಹೋಯಿತು. ಹೇಳುವೆವೆಂದ ಕಾರಣವನ್ನು ಇಲ್ಲಿಯೇ ಹೇಳಿಬಿಡುವುದು ಲೇಸು.

ಅದು 1991ನೆಯ ಇಸವಿಯ ಜೂನ್ ತಿಂಗಳು. ನಮಗೆ ಆಗ ಇಪ್ಪತ್ತಾರರ ಪ್ರಾಯ. ಮುಖ್ಯೋಪಾಧ್ಯಾಯರು ರಜದ ಮೇಲಿದ್ದುದರಿಂದ ಹದಿನೈದು ದಿನಗಳ ಮಟ್ಟಿಗೆ ಶಾಲೆಯ ಪ್ರಭಾರ ನಮ್ಮ ಕೈಗೆ ಬಂದಿತ್ತು. ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ ಕೂಲಿ ಕೆಲಸದವನೊಬ್ಬನು ಏಳೆಂಟು ವರ್ಷದ ಮಗನನ್ನು ಕರೆದುಕೊಂಡು ಬಂದನು. ಹುಡುಗನಿಗೆ ಹುಟ್ಟಿನಿಂದ ದೃಷ್ಟಿಯಿರಲಿಲ್ಲ. "ಮೇಷ್ಟ್ರೇ, ಒಂದು ಮೂಲೇಲಿ ಕೂತಿರಲಿ. ಬರೆಯೋದು ಬ್ಯಾಡ. ಕೇಳಿಸ್ಕೊಂಡು ಇರ್ತಾನೆ" ಎಂದು ತಂದೆ ಬೇಡಿದನು. ಒಂದೇ ಕೊಠಡಿಯಲ್ಲಿ ಅರುವತ್ತು ಮಕ್ಕಳು, ಹೊಸ ಅಧಿಕಾರ, ಅವನು ಬಿದ್ದು ಪೆಟ್ಟು ಮಾಡಿಕೊಂಡರೆ ಯಾರು ಹೊಣೆ ಎಂಬ ಭಯ. "ಇಲ್ಲಿ ಅವನಿಗೆ ಏನು ಬಂದೀತು, ಹೇಳು?" ಎಂದೆವು.

ಆ ಹೊತ್ತಿಗೆ ಪಕ್ಕದ ಕೊಠಡಿಯಲ್ಲಿ ಮಕ್ಕಳು ಹದಿಮೂರರ ಮಗ್ಗಿಯನ್ನು ಕೂಗುತ್ತಿದ್ದರು. ಹುಡುಗನು ತಂದೆಯ ಪಂಚೆಯ ಅಂಚನ್ನು ಹಿಡಿದು ನಿಂತು, ತುಟಿಯೊಳಗೇ ಅದನ್ನು ಹೇಳುತ್ತಿದ್ದನು. ಹದಿಮೂರೇಳು ತೊಂಬತ್ತೊಂದು ಎಂಬಲ್ಲಿಗೆ ಕೊಠಡಿಯ ಮಕ್ಕಳು ಎಡವಿ ಗೊಂದಲವಾಯಿತು. ಹುಡುಗನು ಎಡವಲಿಲ್ಲ, ತೊಂಬತ್ತೊಂದು, ನೂರನಾಲ್ಕು, ನೂರಹದಿನೇಳು ಎಂದು ತನ್ನಷ್ಟಕ್ಕೆ ಮುಂದುವರಿದನು. ನಾವು ಅದನ್ನು ಕೇಳಿದೆವು. ಕೇಳಿಯೂ ಕಳುಹಿಸಿಬಿಟ್ಟೆವು.

ಮೈಸೂರಿನಲ್ಲಿ ಕಿವುಡರಿಗೂ ಅಂಧರಿಗೂ 1901ರಲ್ಲಿಯೇ ಶಾಲೆಯೊಂದು ಹುಟ್ಟಿ, ಆ ಹೊತ್ತಿಗೆ ತೊಂಬತ್ತು ವರ್ಷ ನಡೆದುಬಂದಿತ್ತು. ಆ ತಂದೆಗೆ ಅದರ ವಿಳಾಸವನ್ನಾದರೂ ಬರೆದುಕೊಡಬಹುದಾಗಿತ್ತು. ನಮಗೆ ಅದು ತಿಳಿದಿರಲಿಲ್ಲ. ತಿಳಿದುಕೊಳ್ಳುವ ಪ್ರಯತ್ನವನ್ನೂ ಮಾಡಲಿಲ್ಲ. ಅಂಗವೈಕಲ್ಯವುಳ್ಳವರ ಹಕ್ಕಿನ ಮೊದಲ ಕಾಯಿದೆ ಬಂದುದು 1995ರಲ್ಲಿ. ಈಗಿರುವ 2016ರ ಕಾಯಿದೆಯಂತೆ ಸರ್ಕಾರದ ನೆರವೋ ಮಾನ್ಯತೆಯೋ ಉಳ್ಳ ಶಾಲೆಯು ಇಂಥ ಮಕ್ಕಳನ್ನು ಭೇದವೆಣಿಸದೆ ಸೇರಿಸಿಕೊಳ್ಳತಕ್ಕದ್ದು. 1991ರಲ್ಲಿ ಇವೆರಡೂ ಇರಲಿಲ್ಲವೆಂದು ನಾವು ಎಷ್ಟೋ ಬಾರಿ ಸಮಾಧಾನ ಹೇಳಿಕೊಂಡುದುಂಟು. ಮಗ್ಗಿ ಬಂದ ಹುಡುಗನನ್ನು ಸೇರಿಸಿಕೊಳ್ಳುವುದಕ್ಕೆ ಮೇಷ್ಟರಿಗೆ ಕಾಯಿದೆ ಬೇಕಾಗಿತ್ತೇ ಎಂಬ ಪ್ರಶ್ನೆಗೆ ಆ ಸಮಾಧಾನದಲ್ಲಿ ಉತ್ತರವಿಲ್ಲ.

ಅಂದು ಸಂಜೆ ಇದನ್ನು ತಾಯಿಯವರ ಮುಂದೆ ಯಾವುದೋ ಸಣ್ಣ ಸುದ್ದಿಯಂತೆ ಹೇಳಿದ್ದೆವು. ಅವರು ಏನೂ ಅನ್ನಲಿಲ್ಲ. ಸುಮಾರು ಮೂವತ್ತು ವರ್ಷಗಳ ಮೇಲೆ, ತಮ್ಮ ಕಣ್ಣುಗಳು ಮಬ್ಬಾದ ತರುವಾಯ, ಒಂದು ದಿನ ಮೊರದಲ್ಲಿಯ ಅಕ್ಕಿಯನ್ನು ಬೆರಳಿನಿಂದ ತಡವಿ ಕಲ್ಲು ಆರಿಸುತ್ತ ಕುಳಿತಿದ್ದವರು ತಟ್ಟನೆ, "ಅಪ್ಪಾ, ಮಗ್ಗಿ ಹೇಳುತ್ತಿದ್ದ ಆ ಹುಡುಗ ಏನಾದನೋ? ಆಮೇಲೆ ವಿಚಾರಿಸಿದೆಯಾ?" ಎಂದು ಕೇಳಿದರು. ವಿಚಾರಿಸಿರಲಿಲ್ಲ. ಮಾರನೆಯ ದಿನವೇ ಭದ್ರಾವತಿಗೆ ಹೋಗಿ ಹಳೆಯ ಕೇರಿಗಳಲ್ಲಿ ಕೇಳುತ್ತ ತಿರುಗಿದೆವು. ಕೆಲಸ ಹೋದ ಕುಟುಂಬಗಳು ಎಲ್ಲೆಲ್ಲಿಗೋ ಚದರಿದ್ದುವು. ತಂದೆಯ ಹೆಸರನ್ನಾದರೂ ಹೇಳೋಣವೆಂದರೆ ನಾವು ಅದನ್ನು ಅಂದು ಕೇಳಿಯೇ ಇರಲಿಲ್ಲ. ಬರಿಗೈಯಲ್ಲಿ ಹಿಂದಿರುಗಿದ ನಮ್ಮನ್ನು ತಾಯಿಯವರು ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಕಾಗದದ ಕಟ್ಟುಗಳನ್ನು ಮೋಟಾರಿಗೆ ಹೇರಿಸಿ, ಮಕ್ಕಳಿಗೆಂದು ಸ್ವಲ್ಪ ಬಾಳೆಹಣ್ಣು ಕೊಂಡು, ಹೇಳಿದ್ದ ವೇಳೆಗೆ ಸರಿಯಾಗಿ ಶಾಲೆಗೆ ತಲಪಿದೆವು. ನಮ್ಮ ಕಲ್ಪನೆಯಲ್ಲಿ ಅದೊಂದು ಮೌನವಾದ, ಮಂಕಾದ ತಾಣವಾಗಿತ್ತು. ಕಂಡುದು ಸಾಮಾನ್ಯವಾದ ಶಾಲೆಯ ಗಲಾಟೆ. ಇಬ್ಬರು ಹುಡುಗರು ಬಕೆಟ್ಟಿನ ವಿಷಯದಲ್ಲಿ ಜಗಳವಾಡುತ್ತಿದ್ದರು. ಮತ್ತೊಬ್ಬನು ಪಡಸಾಲೆಯಲ್ಲಿ ಓಡುತ್ತ ಬಂದು, ಕಂಬದ ಬಳಿ ನೇರವಾಗಿ ಪಕ್ಕಕ್ಕೆ ಸರಿದು, ಓಡುತ್ತಲೇ ಹೋದನು. ಎಲ್ಲರನ್ನೂ ಒಂದೆಡೆ ಕೂಡಿಸಿದ ಮೇಲೆ ನಾವು ಎದ್ದುನಿಂತು ನಾಲ್ಕು ಮಾತಾಡಿದೆವು. ಮುಗಿದ ಬಳಿಕ ಅಲ್ಲಿಯ ಉಪಾಧ್ಯಾಯರು ಬಳಿಗೆ ಬಂದು, ನಗುತ್ತ, "ಸ್ವಲ್ಪ ಮೆಲ್ಲಗೆ ಮಾತಾಡಬಹುದು, ಮೇಷ್ಟ್ರೇ. ನಮ್ಮ ಮಕ್ಕಳಿಗೆ ಕಿವಿ ಚೆನ್ನಾಗಿದೆ" ಎಂದರು. ಕಣ್ಣು ಕಾಣದವರೊಡನೆ ಗಟ್ಟಿಯಾಗಿ ಮಾತಾಡುವುದು ಹೊಸಬರೆಲ್ಲರೂ ಮಾಡುವ ತಪ್ಪಂತೆ. ಹುಡುಗರು ಮುಸಿಮುಸಿ ನಗುತ್ತಿದ್ದರು.

ಎರಡನೆಯ ತಪ್ಪನ್ನು ತಿದ್ದಿದವನು ಹತ್ತು ವರ್ಷದ ಒಬ್ಬ ಬಾಲಕ. ಅವನನ್ನು ಮೆಟ್ಟಲಿನ ಕಡೆಗೆ ಕರೆದೊಯ್ಯಲು ನಾವು ಬೆನ್ನಿಗೆ ಕೈ ಕೊಟ್ಟು ಮುಂದಕ್ಕೆ ನೂಕಿದಂತೆ ನಡೆಯಿಸಿದೆವು. ಅವನು ನಿಂತುಬಿಟ್ಟನು. "ಅಜ್ಜ, ನೀವು ನನ್ನನ್ನ ಹಿಡೀಬೇಡಿ. ನಾನು ನಿಮ್ಮ ಮೊಣಕೈ ಹಿಡ್ಕೊಳ್ತೀನಿ. ನೀವು ಮುಂದೆ ನಡೀರಿ ಸಾಕು, ಮೆಟ್ಟಿಲು ಬಂದರೆ ನನಗೆ ಗೊತ್ತಾಗುತ್ತೆ" ಎಂದನು. ಹಾಗೆಯೇ ನಡೆದೆವು. ಮುಂದೆ ನಡೆಯುವವನ ಮೈ ಏರಿದರೆ ಮೆಟ್ಟಿಲು ಏರಿತೆಂದೂ, ತೋಳು ಹಿಂದಕ್ಕೆ ಸರಿದರೆ ದಾರಿ ಇಕ್ಕಟ್ಟಾಯಿತೆಂದೂ ಹಿಂದಿನವನಿಗೆ ಅರ್ಥವಾಗುವುದು. ತಾಯಿಯವರು ಆರು ವರ್ಷ ನಮ್ಮ ತೋಳನ್ನೇ ಏಕೆ ಹಿಡಿಯುತ್ತಿದ್ದರು, ನಾವು ಅವರ ಕೈ ಹಿಡಿಯಹೋದರೆ ಏಕೆ ಬಿಡಿಸಿಕೊಳ್ಳುತ್ತಿದ್ದರು ಎಂಬುದು ಅಂದು ತಿಳಿಯಿತು.

ತರಗತಿಯಲ್ಲಿ ನಾವು ಮೊಟ್ಟಮೊದಲ ಬಾರಿಗೆ ಬ್ರೈಲ್ ಬರೆವಣಿಗೆಯನ್ನು ಕಣ್ಣಾರೆ ಕಂಡೆವು. ಸಾಲುಸಾಲಾಗಿ ಚಿಕ್ಕ ಕಿಂಡಿಗಳುಳ್ಳ ಪಟ್ಟಿಯ ಅಡಿಯಲ್ಲಿ ಕಾಗದವನ್ನು ಸಿಕ್ಕಿಸಿ, ಮರದ ಹಿಡಿಯುಳ್ಳ ಮೊಂಡು ಮೊಳೆಯಿಂದ ಚುಕ್ಕೆಗಳನ್ನು ಒತ್ತುವರು. ಒತ್ತಿದ ಚುಕ್ಕೆ ಹಾಳೆಯ ಹಿಂಬದಿಯಲ್ಲಿ ಉಬ್ಬುವುದಾದಕಾರಣ ಬರೆಯುವಾಗ ಬಲದಿಂದ ಎಡಕ್ಕೆ ಬರೆದು, ಹಾಳೆಯನ್ನು ಮಗುಚಿ ಎಡದಿಂದ ಬಲಕ್ಕೆ ಓದಬೇಕು. ಪ್ರತಿಯೊಂದು ಅಕ್ಷರವೂ ಕನ್ನಡಿಯಲ್ಲಿ ಕಂಡಂತೆ ತಿರುಗಿಯೇ ಬರೆಯಲ್ಪಡುವುದು. ಆರು ಚುಕ್ಕೆಗಳ ಒಂದು ಮನೆ. ಅವುಗಳ ಕೂಡಿಕೆಯಿಂದ 63 ಗುರುತುಗಳು. ಇದನ್ನು ಕಂಡುಹಿಡಿದ ಫ್ರಾನ್ಸ್ ದೇಶದ ಲೂಯಿ ಬ್ರೈಲನು 1809ರಲ್ಲಿ ಹುಟ್ಟಿದವನು; ಮೂರು ವರ್ಷದ ಕೂಸಾಗಿದ್ದಾಗ ತಂದೆಯ ತೊಗಲು ಕೆಲಸದ ಅಂಗಡಿಯಲ್ಲಿ ಚೂಪಾದ ಹತ್ಯಾರವೊಂದು ಕಣ್ಣಿಗೆ ಚುಚ್ಚಿ ಎರಡು ಕಣ್ಣುಗಳನ್ನೂ ಕಳೆದುಕೊಂಡನು. ತೊಗಲಿಗೆ ತೂತು ಹಾಕುವ ಅಂಥ ಹತ್ಯಾರದ ಹೋಲಿಕೆಯ ಮೊಳೆಯಿಂದಲೇ ಅವನು ಹದಿನೈದನೆಯ ವಯಸ್ಸಿನಲ್ಲಿ ಈ ಲಿಪಿಯನ್ನು ರಚಿಸಿದನು.

ಕನ್ನಡಕ್ಕೆ ಹೊಂದಿಸಿದ ಬಗೆ ನಮ್ಮಂಥ ವ್ಯಾಕರಣದ ಮೇಷ್ಟರಿಗೆ ಬಹು ಸ್ವಾರಸ್ಯವಾಗಿ ತೋರಿತು. 1951ರಲ್ಲಿ ಭಾರತೀಯ ಭಾಷೆಗಳೆಲ್ಲಕ್ಕೂ ಸಮಾನವಾದ ಭಾರತಿ ಬ್ರೈಲ್ ಜಾರಿಗೆ ಬಂದಿತು. ಅದರಂತೆ ಕನ್ನಡದ ಕಕಾರ, ಹಿಂದಿಯ ಕಕಾರ, ತಮಿಳಿನ ಕಕಾರಗಳಿಗೆ ಒಂದೇ ಗುರುತು. ತಲಕಟ್ಟಿಲ್ಲ, ಕೊಂಬಿಲ್ಲ, ಕೆಳಗೆ ತೂಗುವ ಒತ್ತಕ್ಷರವಿಲ್ಲ. ವ್ಯಂಜನದ ಮುಂದೆ ಸ್ವರ, ಎಲ್ಲವೂ ಒಂದೇ ಸಾಲಿನಲ್ಲಿ. ಮೂವತ್ತೈದು ವರ್ಷ ಮಕ್ಕಳಿಗೆ ಲಿಪಿಗಳು ಬೇರೆ ಬೇರೆಯಾದರೂ ವರ್ಣಮಾಲೆ ಒಂದೇ ಎಂದು ಬೋಧಿಸುತ್ತ ಬಂದೆವು. ಅದನ್ನು ಬೆರಳಿನಿಂದ ಮುಟ್ಟಿ ತೋರಿಸಿದವರು ಈ ಮಕ್ಕಳು. ಮೊಮ್ಮಗಳು ಅವರ ನಡುವೆ ಕುಳಿತು, ಆ ಹತ್ತು ವರ್ಷದ ಬಾಲಕನಿಂದ ತನ್ನ ಹೆಸರನ್ನು ಬರೆಯಲು ಕಲಿತಳು. ಮೂರು ಬಾರಿ ತಪ್ಪಿದಳು. "ನೀನು ನೋಡ್ತಾ ಬರೀತೀಯ, ಅದಕ್ಕೇ ತಪ್ಪಾಗುತ್ತೆ" ಎಂದು ಅವನು ಗದರಿಸಿದನು. ಬಳಿಕ ಅವಳು, ದೊಡ್ಡವರಾದ ನಾವು ಕೇಳಲು ಹಿಂಜರಿಯುವ ಪ್ರಶ್ನೆಯೊಂದನ್ನು ಕೇಳಿದಳು: "ನಿನಗೆ ಕನಸು ಬೀಳುತ್ತಾ?" "ಬೀಳುತ್ತೆ. ಮೊನ್ನೆ ನಮ್ಮವ್ವ ರೊಟ್ಟಿ ತಟ್ಟೋ ಸಪ್ಪಳ ಆಯ್ತು" ಎಂದು ಅವನು ಹೇಳಿ, ಬರೆವಣಿಗೆಯ ಕಡೆಗೆ ತಿರುಗಿದನು.

ಅಂಧರೆಂದರೆ ಸಂಗೀತವೆಂಬ ಭಾವನೆ ನಮ್ಮ ಜನದಲ್ಲಿ ಬೇರೂರಿದೆ. ಅದಕ್ಕೆ ಪೂಜ್ಯವಾದ ಕಾರಣವೂ ಉಂಟು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ತಾವೇ ದೃಷ್ಟಿಯಿಲ್ಲದವರಾಗಿದ್ದ ಪಂಚಾಕ್ಷರ ಗವಾಯಿಗಳೂ, ಅವರ ತರುವಾಯ 2010ರವರೆಗೆ ಬಾಳಿದ ಪುಟ್ಟರಾಜ ಗವಾಯಿಗಳೂ, ಅನಾಥರಿಗೂ ಅಂಧರಿಗೂ ಅನ್ನವನ್ನಿಟ್ಟು ಸಂಗೀತವನ್ನು ಧಾರೆಯೆರೆದರು. ಆದರೆ ಈ ಶಾಲೆಯ ಹುಡುಗರನ್ನು ಮುಂದೆ ಏನಾಗುವಿರೆಂದು ಕೇಳಿದಾಗ ಹಾಡುಗಾರನಾಗುವೆನೆಂದವನು ಒಬ್ಬನೇ. ಒಬ್ಬನು ಬ್ಯಾಂಕಿನ ಅಧಿಕಾರಿ, ಒಬ್ಬನು ಮೇಷ್ಟರು. ಉಳಿದವರೆಲ್ಲರೂ ಒಂದೇ ಕಂಠದಿಂದ ಕ್ರಿಕೆಟ್ ಆಟಗಾರರು! ಇದು ಬರಿಯ ಬಾಲಿಶವಾದ ಆಸೆಯಲ್ಲ. ಶಿವಮೊಗ್ಗೆ ಜಿಲ್ಲೆಯ ಹಳ್ಳಿಯಲ್ಲಿ ಹುಟ್ಟಿ, ಇದೇ ಶಾಲೆಯಲ್ಲಿ ಓದಿ, ಇಲ್ಲಿಯೇ ಕ್ರಿಕೆಟ್ ಕಲಿತ ಶೇಖರ್ ನಾಯ್ಕರು ಅಂಧರ ಭಾರತ ತಂಡದ ನಾಯಕರಾದರು. ಅವರ ನಾಯಕತ್ವದಲ್ಲಿ 2012ರಲ್ಲಿ, ಬೆಂಗಳೂರಿನಲ್ಲಿ, ನಮ್ಮ ತಂಡವು ಪಾಕಿಸ್ತಾನವನ್ನು ಸೋಲಿಸಿ ಅಂಧರ ಟಿ20 ವಿಶ್ವಕಪ್ಪನ್ನು ಗೆದ್ದಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಆಟದ ಚೆಂಡಿನೊಳಗೆ ಗುಂಡುಗಳನ್ನಿಟ್ಟಿರುವರು. ಅದು ನೆಲದ ಮೇಲೆ ಉರುಳುವಾಗ ಗಿಲಕಿಯಂತೆ ಸದ್ದು ಮಾಡುವುದು. ಆ ಸದ್ದಿನ ಜಾಡು ಹಿಡಿದು ಬ್ಯಾಟು ಬೀಸಬೇಕು. ನಮ್ಮ ಮಗನು, ತಾನು ಕಾಲೇಜಿನ ತಂಡದಲ್ಲಿ ಆಡಿದವನೆಂಬ ಜಂಬದಿಂದ, ಕಣ್ಣಿಗೆ ಕರವಸ್ತ್ರ ಕಟ್ಟಿಸಿಕೊಂಡು ನಿಂತನು. ಆರು ಚೆಂಡುಗಳಲ್ಲಿ ಒಂದನ್ನೂ ಮುಟ್ಟಲಾಗಲಿಲ್ಲ. ಮಕ್ಕಳ ಕೇಕೆಗೆ ಮಿತಿಯೇ ಇರಲಿಲ್ಲ.

ಹೊರಡುವ ಮುನ್ನ ಉಪಾಧ್ಯಾಯರು, "ನೀವು ಹಳೆಯ ಮೇಷ್ಟರು. ಮಕ್ಕಳನ್ನು ಏನಾದರೂ ಪ್ರಶ್ನೆ ಕೇಳಿ" ಎಂದರು. ಅವರು ಅಂಕಗಣಿತದ ತರಗತಿಗೆ ಕರೆದೊಯ್ದಿದ್ದರು. ಎಂಟು ಮೂಲೆಯ ತೂತುಗಳುಳ್ಳ ಟೇಲರ್ ಚೌಕಟ್ಟಿನಲ್ಲಿ ಲೋಹದ ಸಣ್ಣ ಮೊಳೆಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ನಿಲ್ಲಿಸಿ ಮಕ್ಕಳು ಲೆಕ್ಕ ಮಾಡುತ್ತಿದ್ದರು. ಯಾವುದಾದರೂ ಗಾದೆಯನ್ನೋ ಒಗಟನ್ನೋ ಕೇಳಬೇಕೆಂದು ಬಾಯಿ ತೆರೆದ ನಮ್ಮಿಂದ, ನಾವೇ ಅರಿಯದಂತೆ, "ಹದಿಮೂರರ ಮಗ್ಗಿ ಯಾರಿಗೆ ಬರುತ್ತದೆ?" ಎಂಬ ಮಾತು ಹೊರಟಿತು. ಹಿಂದಿನ ಸಾಲಿನಲ್ಲಿದ್ದ ಚಿಕ್ಕ ಹುಡುಗನೊಬ್ಬನು ಎದ್ದುನಿಂತು, ಎಲ್ಲಿಯೂ ತಡೆಯದೆ, ನೂರಮೂವತ್ತರವರೆಗೆ ಹೇಳಿ ಕುಳಿತನು. ಶಹಬಾಸ್ ಎನ್ನಬೇಕಾಗಿತ್ತು. ನಮಗೆ ಸ್ವರವೇ ಹೊರಡಲಿಲ್ಲ. ಎಲ್ಲವನ್ನೂ ಬಲ್ಲ ನಮ್ಮ ಮನೆಯವರು ಮುಂದೆ ಬಂದು ಆ ಮಗುವಿನ ತಲೆ ನೇವರಿಸಿ, ಮಾತು ಮುಂದುವರಿಸಿದರು. "ಅಜ್ಜನಿಗೆ ಮಗ್ಗಿ ಬರಲ್ಲವೇನೋ" ಎಂದು ಒಬ್ಬನು ಪಿಸುಗುಟ್ಟಿದುದು ಕೇಳಿಸಿತು.

ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ, ವಿದ್ಯೆ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಗುರುವು ದಾನದ ರೀತಿಯನ್ನು ಹೇಳಿಕೊಡುವ ಭಾಗವೊಂದುಂಟು. ಕೊಡುವವನಿಗೆ ಶ್ರದ್ಧೆಯೊಡನೆ ನಾಚಿಕೆಯೂ ಇರತಕ್ಕದ್ದೆಂದು ಅಲ್ಲಿಯ ಉಪದೇಶ. ಇದನ್ನು ಎಷ್ಟೋ ವರ್ಷ ಪಾಠ ಹೇಳಿದೆವು. ತೆಗೆದುಕೊಳ್ಳುವವನಿಗೆ ನಾಚಿಕೆಯಾಗುವುದು ಸಹಜ, ಕೊಡುವವನಿಗೇಕೆ ಎಂದು ವಿದ್ಯಾರ್ಥಿಗಳು ಕೇಳಿದಾಗ, ವಿನಯವೆಂದು ಅರ್ಥ ಹೇಳಿ ಮುಂದೆ ಹೋಗುತ್ತಿದ್ದೆವು. ಆ ಅರ್ಥ ತಪ್ಪಲ್ಲ. ಆದರೆ ಅಷ್ಟೇ ಅಲ್ಲ. ಕೊಡುವವನು ಕೊಡುವುದು ಬಹುಮಟ್ಟಿಗೆ ಹಳೆಯ ಬಾಕಿ. ಅದನ್ನು ಉಪಕಾರವೆಂದು ಲೆಕ್ಕ ಬರೆದುಕೊಳ್ಳುವಾಗ ಅವನಿಗೆ ನಾಚಿಕೆಯಾಗಲೇಬೇಕು. ಎರಡು ಕಟ್ಟು ಕಾಗದದಿಂದ ನಮ್ಮ ಬಾಕಿ ತೀರಲಿಲ್ಲ; ಆ ಹುಡುಗನಿಗೆ ಸಲ್ಲಬೇಕಾದುದನ್ನು ಬೇರೆಯವನಿಗೆ ಸಲ್ಲಿಸಿದರೂ ತೀರುವಂತಿಲ್ಲ. ಅಷ್ಟನ್ನು ತಿಳಿದುಕೊಂಡೇ ಮಾಡಬೇಕಾದುದನ್ನು ಮಾಡತಕ್ಕದ್ದು.

ಮಾಡಬೇಕಾದುದೇನೆಂದು ಉಪಾಧ್ಯಾಯರೇ ತಿಳಿಸಿದರು. ಪಠ್ಯಪುಸ್ತಕಗಳು ಬ್ರೈಲಿನಲ್ಲಿ ದೊರೆಯುವುದುಂಟು. ಮಾತಾಡುವ ಮೊಬೈಲುಗಳೂ ಬಂದಿವೆ. ಆದರೆ ಪಠ್ಯದಾಚೆಗಿನ ಕಥೆ, ಜೀವನಚರಿತ್ರೆ, ಪತ್ರಿಕೆಗಳನ್ನು ಪಕ್ಕದಲ್ಲಿ ಕುಳಿತು ಓದಿಹೇಳುವವರು, ನಡುವೆ ಕೇಳಿದ ಪ್ರಶ್ನೆಗೆ ಉತ್ತರಿಸುವವರು ವಿರಳ. ಪರೀಕ್ಷೆಯಲ್ಲಿ ಇವರು ಹೇಳಿದುದನ್ನು ಬರೆಯುವ ಲಿಪಿಕಾರರಿಗೆ ನಿಯಮದಲ್ಲಿ ಅವಕಾಶವಿದೆ. ಅವರನ್ನು ಹುಡುಕುವುದೂ ಸುಲಭವಲ್ಲ. "ನಿಮ್ಮ ಕಂಠ ಗಟ್ಟಿಯಾಗಿದೆಯೆಂಬುದಂತೂ ಗೊತ್ತಾಯಿತು" ಎಂದು ಅವರು ನಕ್ಕರು. ಅಂದಿನಿಂದ ನಾಲ್ಕು ತಿಂಗಳಾಯಿತು. ತಿಂಗಳಿಗೆ ಎರಡು ಶನಿವಾರ ಹೋಗಿ ಒಂದು ಗಂಟೆ ಓದಿಬರುತ್ತಿರುವೆವು. ಬೇಸರ ಬಂದು ಒಂದು ಪುಟ ಹಾರಿಸಿದರೆ ಕೂಡಲೇ ಹಿಡಿದು ಕೇಳುವರು.

ನಮ್ಮಂತೆ ಕುಟುಂಬಸಮೇತ ಹೋಗಬೇಕೆಂದಿರುವ ವಾಚಕರಿಗೆ ಕೆಲವು ಮಾತು ತಿಳಿಸುವುದು ಉಚಿತ. ಮೊದಲೇ ವಿಚಾರಿಸಿ, ಪಾಠದ ಮತ್ತು ಊಟದ ವೇಳೆಯನ್ನು ಬಿಟ್ಟು ಹೋಗತಕ್ಕದ್ದು. ಏನು ಬೇಕೆಂದು ಅವರನ್ನೇ ಕೇಳತಕ್ಕದ್ದು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕೈಗೂ ಕೊಡುತ್ತ ಛಾಯಾಚಿತ್ರ ತೆಗೆಯಿಸಿಕೊಳ್ಳುವ ಪದ್ಧತಿಯನ್ನು ಬಿಡುವುದು ಒಳ್ಳೆಯದು. ನಮ್ಮ ಮಕ್ಕಳ ಚಿತ್ರವನ್ನು ಅಪರಿಚಿತರು ಹಾಗೆ ತೆಗೆದರೆ ನಾವು ಸಹಿಸುವೆವೇ? ಮಾತಾಡುವ ಮೊದಲು ನಾವಾರೆಂದು ಹೇಳಬೇಕು. ಎದ್ದು ಹೋಗುವಾಗಲೂ ಹೇಳಿಯೇ ಹೋಗಬೇಕು, ಇಲ್ಲವಾದರೆ ಮಗು ಬರಿಯ ಗಾಳಿಯೊಡನೆ ಮಾತಾಡುತ್ತ ಕುಳಿತಿರುವುದು. ಎಳೆಯ ಮಕ್ಕಳನ್ನು ಜೊತೆಯಲ್ಲಿ ಕರೆದೊಯ್ಯಲು ಹಿಂಜರಿಯಬೇಕಾದುದಿಲ್ಲ. ನಮಗಿಂತ ಅವರೇ ಬೇಗ ಹೊಂದಿಕೊಳ್ಳುವರು.

ಗೃಹಸ್ಥರು ತಮ್ಮ ಮನೆಯಲ್ಲಿಯೇ ಮಾಡಬೇಕಾದ ಕೆಲಸವೂ ಉಂಟು. ನಲುವತ್ತು ದಾಟಿದವರು, ಅದರಲ್ಲಿಯೂ ಮನೆತನದಲ್ಲಿ ಗ್ಲಾಕೋಮ ಇರುವವರು, ಕಣ್ಣಿನ ಒತ್ತಡವನ್ನು ಕಾಲಕಾಲಕ್ಕೆ ನೋಡಿಸಿಕೊಳ್ಳಬೇಕು. ಮೊದಲೇ ತಿಳಿದರೆ ಉಳಿದಿರುವ ದೃಷ್ಟಿಯನ್ನು ಔಷಧದಿಂದ ಕಾಪಾಡಬಹುದು. ಗರ್ಭಿಣಿಗೆ ರುಬೆಲ್ಲಾ ತಗುಲಿದರೆ ಕೂಸಿನ ಕಣ್ಣು ಕಿವಿಗಳೆರಡಕ್ಕೂ ಅಪಾಯವುಂಟು. ಮಕ್ಕಳಿಗೆ ಅದರ ಲಸಿಕೆಯನ್ನು ತಪ್ಪದೆ ಹಾಕಿಸಬೇಕು. 2011ರ ಜನಗಣತಿಯಂತೆ ಭರತಖಂಡದಲ್ಲಿ ಸುಮಾರು 2 ಕೋಟಿ 68 ಲಕ್ಷ, ಕರ್ನಾಟಕದಲ್ಲಿ ಸುಮಾರು 13 ಲಕ್ಷ ಜನರು ಒಂದಲ್ಲ ಒಂದು ಅಂಗವೈಕಲ್ಯವುಳ್ಳವರು. ಇಷ್ಟು ಮಂದಿಯಲ್ಲಿ ನಮ್ಮ ಬೀದಿಯಲ್ಲಿ ಯಾರೂ ಇಲ್ಲವೆಂದು ತೋರಿದರೆ, ಅವರು ಮನೆಯೊಳಗೇ ಉಳಿದಿರುವರೆಂದು ತಿಳಿಯಬೇಕು. ಅಂಥ ಮಗುವಿರುವ ಮನೆ ನಿಮಗೆ ಗೊತ್ತಿದ್ದರೆ, ಹತ್ತಿರದ ಶಾಲೆಯ ವಿಳಾಸವನ್ನು ಅವರಿಗೆ ಬರೆದುಕೊಡಿರಿ. ತಂದೆಯ ಹೆಸರನ್ನೂ ಕೇಳಿ ಬರೆದಿಟ್ಟುಕೊಳ್ಳಿರಿ.

ಅಂದು ಸಂಜೆ ಹಿಂದಿರುಗುವಾಗ ಮನೆಯವರಿಗೆ ಹೂವು ಬೇಕಾಗಿ ಮತ್ತೆ ಗಾಂಧಿ ಬಜಾರಿನಲ್ಲಿ ಇಳಿದೆವು. ದೀಪಗಳು ಹತ್ತಿದ್ದುವು, ಜನ ತುಂಬಿದ್ದಿತು. ಮೊಮ್ಮಗಳು ನಮ್ಮ ಮೊಣಕೈಯನ್ನು ಹಿಡಿದು, ಕಣ್ಣು ಮುಚ್ಚಿಕೊಂಡು, "ಅಜ್ಜ, ನೀವು ಮುಂದೆ ನಡೀರಿ" ಎಂದಳು. ಎಂದಿಗಿಂತ ಮೆಲ್ಲಗೆ ನಡೆದೆವು. ಸ್ವಲ್ಪ ದೂರ ಹೋದ ಮೇಲೆ, "ಕಾಫಿಪುಡಿ ಅಂಗಡಿ ಬಂತು" ಎಂದಳು, ಇನ್ನೂ ಸ್ವಲ್ಪ ದೂರದಲ್ಲಿ, "ಇದು ಪಾತ್ರೆ ಅಂಗಡಿ, ಮುತ್ತಜ್ಜಿ ಇಲ್ಲೇ ನಿಲ್ಲುತ್ತಿದ್ದರು, ಅಲ್ಲವಾ?" ಎಂದು ಕೇಳಿದಳು. ಅಹುದು, ಅವರು ನಿಲ್ಲುತ್ತಿದ್ದುದು ಅಲ್ಲಿಯೇ. ನಾವೂ ಸ್ವಲ್ಪ ಹೊತ್ತು ನಿಂತು, ಹೂವನ್ನು ಕೊಂಡು ಮನೆಗೆ ಬಂದೆವು.